ಎಲ್‌ಪಿಎನ್ ಆಗಿ 11 ವರ್ಷ ಆಯ್ತು, ಈ ವಯಸ್ಸಲ್ಲಿ ಆರ್‌ಎನ್ ಓದಕ್ಕೆ ಹೋಗ್ಲಾ?

ರಾತ್ರಿಪಾಳಿ_ಅಮ್ಮ:
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಕೇಳ್ಬೇಕು ಅನ್ಕೋತಿದ್ದೆ, ಇವತ್ತು ನೈಟ್ ಶಿಫ್ಟ್ ಮುಗಿಸ್ಕೊಂಡು ಬಂದ್ರೂ ನಿದ್ದೆ ಹತ್ತಲಿಲ್ಲ, ಅದಕ್ಕೆ ಬರೀತಾ ಕೂತಿದೀನಿ. ನಾವಿರೋದು ನ್ಯೂಜೆರ್ಸಿಲಿ. ನಂಗೆ 42. ವಯಸ್ಸಾದವರನ್ನ ಇಟ್ಟು ನೋಡ್ಕೊಳ್ಳೋ ನರ್ಸಿಂಗ್ ಹೋಮ್‌ನಲ್ಲಿ 11 ವರ್ಷದಿಂದ ಎಲ್‌ಪಿಎನ್, ಅಂದ್ರೆ ಲೈಸೆನ್ಸ್ಡ್ ಪ್ರ್ಯಾಕ್ಟಿಕಲ್ ನರ್ಸ್ ಆಗಿದೀನಿ. ಊರಲ್ಲಿ ಓದಿದ್ದು ಬಿ.ಕಾಂ, ಇಲ್ಲಿಗೆ ಬಂದ್ಮೇಲೆ ಎಲ್‌ಪಿಎನ್ ಮಾಡ್ಕೊಂಡೆ.

ಮೂರು ವಾರದ ಹಿಂದೆ ಒಂದು ರಾತ್ರಿ ನಡೆದಿದ್ದು ಹೇಳ್ತೀನಿ. ನಮ್ಮಲ್ಲಿ 84 ವರ್ಷದ ಒಬ್ರು ಅಜ್ಜಿ ಇದಾರೆ, ರಾತ್ರಿ ಮಾತ್ರೆ ಕೊಡಕ್ಕೆ ಹೋದಾಗೆಲ್ಲ ನನ್ನ ಕೈ ಹಿಡ್ಕೊಂಡು ಊಟ ಆಯ್ತಾ ಅಂತ ಕೇಳ್ದೆ ಬಿಡೋರಲ್ಲ. ಅವತ್ತು ಕೈ ಹಿಡೀಲಿಲ್ಲ. ನನ್ನ ನೋಡಿ ಬೇರೆ ಯಾರದೋ ಹೆಸರು ಹಿಡಿದು ಕರೀತಿದ್ರು. ಜ್ವರ ನೋಡಿದ್ರೆ ಇಲ್ಲ. ಎದೆ ಮೇಲೆ ಕಣ್ಣಿಟ್ಟು ಪೂರ್ತಿ ಒಂದು ನಿಮಿಷ ಉಸಿರು ಎಣಿಸ್ದೆ, 26 ಬಂತು. ಬಿಪಿ 98/54. ಏನೋ ಸರಿ ಇಲ್ಲ ಅಂತ ಒಳಗೇ ಗೊತ್ತಾಯ್ತು. ಆದ್ರೆ ನಮ್ಮಲ್ಲಿ ಪೇಶೆಂಟ್ ಸ್ಥಿತಿ ಬದಲಾದ್ರೆ ಮೊದಲು ಆರ್‌ಎನ್ (ರಿಜಿಸ್ಟರ್ಡ್ ನರ್ಸ್, ನಮಗಿಂತ ಮೇಲಿನ ಹಂತ) ಬಂದು ಅಸೆಸ್ ಮಾಡ್ಬೇಕು ಅನ್ನೋ ಪದ್ಧತಿ, ಅವತ್ತಿದ್ದ ಒಬ್ಬರೇ ಆರ್‌ಎನ್ ಮೇಲಿನ ಫ್ಲೋರ್‌ನಲ್ಲಿ ಬಿದ್ದ ಪೇಶೆಂಟ್ ಹತ್ರ ಇದ್ರು, ನಾನು ಮೂರು ಸಲ ಫೋನ್ ಮಾಡ್ದೆ, ಅವರು ಬರೋ ಹೊತ್ತಿಗೆ 40 ನಿಮಿಷ ಆಗಿತ್ತು. ಆಸ್ಪತ್ರೆಗೆ ಕಳಿಸಿದ್ವಿ, ಮೂತ್ರದ ಸೋಂಕು ರಕ್ತಕ್ಕೆ ಹತ್ತಿತ್ತಂತೆ. ದೇವರ ದಯೆ, ಅಜ್ಜಿ ವಾಪಸ್ ಬಂದ್ರು. ನನಗೆ ಮಾತ್ರ ಆ 40 ನಿಮಿಷ ಇನ್ನೂ ಹೋಗಿಲ್ಲ.

ಅವತ್ತಿಂದ ತಲೇಲಿ ಇದೇ. ಆರ್‌ಎನ್ ಮಾಡ್ಬೇಕು. ಆದ್ರೆ ಇಬ್ರು ಮಕ್ಕಳು, 14 ಮತ್ತು 9. ಅತ್ತೆ ನಮ್ಮ ಜೊತೆನೇ ಇದಾರೆ, ಸಂಬಳ ಬಿಡೋ ಹಾಗಿಲ್ಲ. ಸೈನ್ಸ್ ಮುಟ್ಟಿ ಕಾಲ ಆಯ್ತು. ಮುಗಿಸೋ ಹೊತ್ತಿಗೆ 46 ಆಗುತ್ತೆ. ಮಾಡಿದವರು ಯಾರಾದ್ರೂ ಇದ್ರೆ ನಿಜ ಹೇಳಿ, ಸಮಾಧಾನಕ್ಕೆ ಹೇಳ್ಬೇಡಿ.

ಐಸಿಯು_ಅಣ್ಣ:
ಅಕ್ಕ, ನಾನು ಮಾಡಿದೀನಿ. 38ಕ್ಕೆ ಶುರು ಮಾಡ್ದೆ, ಈಗ ಐಸಿಯುನಲ್ಲಿ ಆರ್‌ಎನ್. ನಿಜಾನೇ ಹೇಳ್ತೀನಿ.

ಎಲ್‌ಪಿಎನ್‌ನಿಂದ ಆರ್‌ಎನ್ ಆಗೋ ಬ್ರಿಜ್ ಪ್ರೋಗ್ರಾಂ ಒಂದು ವರ್ಷ, ಒಂದೂವರೆ ವರ್ಷ ಅಂತ ಎಲ್ಲಾ ಕಡೆ ಹಾಕಿರ್ತಾರೆ, ಅದು ಸುಳ್ಳಲ್ಲ, ಆದ್ರೆ ಅದರ ಬಾಗಿಲ ಹತ್ರ ಹೋಗಕ್ಕೇ ಪ್ರೀರೆಕ್ಸ್, ಅಂದ್ರೆ ಮೊದಲೇ ಮಾಡ್ಕೊಂಡಿರ್ಬೇಕಾದ ಕೋರ್ಸ್‌ಗಳು, ಮುಗಿಸ್ಬೇಕು, ಅನಾಟಮಿ ಫಿಸಿಯಾಲಜಿ 1 ಮತ್ತು 2, ಮೈಕ್ರೋಬಯಾಲಜಿ, ಇವೆಲ್ಲ ಲ್ಯಾಬ್ ಸಮೇತ, ಮೇಲೆ ಇಂಗ್ಲಿಷ್, ಸೈಕಾಲಜಿ, ಕೆಲವು ಕಡೆ ಸ್ಟಾಟಿಸ್ಟಿಕ್ಸ್ ಕೂಡ. ಕೆಲಸ ಮಾಡ್ಕೊಂಡು ಸೆಮಿಸ್ಟರ್‌ಗೆ ಒಂದೋ ಎರಡೋ ತಗೊಂಡ್ರೆ ಅದಕ್ಕೇ ಒಂದೂವರೆ ಎರಡು ವರ್ಷ ಹಿಡಿಯುತ್ತೆ. ಹಾಗಾಗಿ ನಿಮ್ಮ 46ರ ಲೆಕ್ಕ ಸರಿಯಾಗೇ ಇದೆ. ಇನ್ನೊಂದು, ಸೈನ್ಸ್ ಕ್ರೆಡಿಟ್‌ಗೆ ಬಹಳ ಕಾಲೇಜುಗಳಲ್ಲಿ 5 ಅಥವಾ 7 ವರ್ಷದ ಗಡುವು ಇರುತ್ತೆ, ನಿಧಾನವಾಗಿ ಮಾಡಿ ಆದ್ರೆ ಮಧ್ಯ ಬಿಟ್ಟು ಕೂರ್ಬೇಡಿ.

ಅಡ್ಮಿಶನ್‌ಗೆ ಟೀಸ್ ಪರೀಕ್ಷೆ ಕೇಳ್ತಾರೆ, 170 ಪ್ರಶ್ನೆ 209 ನಿಮಿಷ, ಓದುವಿಕೆ, ಗಣಿತ, ವಿಜ್ಞಾನ, ಇಂಗ್ಲಿಷ್. ಕೆಲವು ಕಾಲೇಜಲ್ಲಿ ಬೇರೆ ಟೆಸ್ಟ್ ಇರುತ್ತೆ, ಕೇಳ್ಕೊಳಿ.

ನಾನು ಮಾಡಿದ ತಪ್ಪು ಹೇಳ್ಬಿಡ್ತೀನಿ. ಮೊದಲನೇ ಸೆಮಿಸ್ಟರ್‌ಗೇ ಅನಾಟಮಿನೂ ಕೆಮಿಸ್ಟ್ರಿನೂ ಎಳ್ಕೊಂಡೆ, ವಾರಕ್ಕೆ 40 ಗಂಟೆ ಕೆಲಸ ಬೇರೆ. ಅಕ್ಟೋಬರ್ ಹೊತ್ತಿಗೆ ಒಂದನ್ನ ಡ್ರಾಪ್ ಮಾಡ್ಬೇಕಾಯ್ತು, ದುಡ್ಡೂ ಹೋಯ್ತು ಮನಸ್ಸೂ ಮುರೀತು. ಒಂದೇ ಸಬ್ಜೆಕ್ಟ್ ತಗೊಳಿ ಅಕ್ಕ. ಒಂದೇ.

ಮಲ್ಲಿಗೆ_ಮೊಗ್ಗು:
ಅಜ್ಜಿ ವಿಷಯ ಓದಿ ಕಣ್ಣು ತುಂಬ್ತು. ನಾನೂ ಎಲ್‌ಪಿಎನ್, ನಾನೂ ಇದೇ ಯೋಚನೇಲಿದೀನಿ, ಯಾರಾದ್ರೂ ದುಡ್ಡಿನ ವಿಷಯ ಬಿಡಿಸಿ ಹೇಳಿ ದಯವಿಟ್ಟು.

ಲೆಕ್ಕದ_ಮನೆ:
ನಮ್ಮ ಮನೆಯವ್ರು ಆರ್‌ಎನ್ ಆಗಿದ್ದು ಎಲ್‌ಪಿಎನ್‌ನಿಂದಾನೇ, ಆ ನಾಲ್ಕು ವರ್ಷ ಮನೆ ಲೆಕ್ಕ ನೋಡಿದ್ದು ನಾನು. ಗೊತ್ತಿರೋದು ಹೇಳ್ತೀನಿ.

ಮೊದಲು ಕಹಿ ಸುದ್ದಿ. ಮೇಡಂ, ನಿಮ್ಮದು ಬಿ.ಕಾಂ ಅಂದ್ರಲ್ಲ, ಒಂದು ಡಿಗ್ರಿ ಆಗಿದ್ರೆ ಪೆಲ್ ಗ್ರಾಂಟ್ ಅನ್ನೋ ಫೆಡರಲ್ ಸಹಾಯಧನ ಸಿಗಲ್ಲ, ಡಿಗ್ರಿ ಇಂಡಿಯಾದಾದ್ರೂ ಅಷ್ಟೇ. ನಾವು ಆ ದುಡ್ಡು ಬರುತ್ತೆ ಅಂತ ಲೆಕ್ಕ ಹಾಕ್ಕೊಂಡು ಕೂತಿದ್ವಿ, ಕೊನೇ ಗಳಿಗೇಲಿ ಗೊತ್ತಾಯ್ತು. ಫಾರ್ಮ್‌ನಲ್ಲಿ ಡಿಗ್ರಿ ಮುಚ್ಚಿಡೋ ಯೋಚನೆ ಯಾರಿಗೂ ಬೇಡ, ಅದು ಫೆಡರಲ್ ಸರ್ಕಾರಕ್ಕೆ ಸುಳ್ಳು ಹೇಳಿದಂಗೆ. ಆದ್ರೂ ಫ್ಯಾಫ್ಸಾ, ಅಂದ್ರೆ ಫೆಡರಲ್ ಸಹಾಯಕ್ಕೆ ಹಾಕೋ ಅರ್ಜಿ, ತುಂಬಿ, ಗ್ರೀನ್ ಕಾರ್ಡ್ ಅಥವಾ ಸಿಟಿಜನ್‌ಶಿಪ್ ಇದ್ರೆ ಫೆಡರಲ್ ಲೋನ್ ಸಿಗುತ್ತೆ, ಅದರ ಬಡ್ಡಿ, ಕಂತಿನ ನಿಯಮ ಎಲ್ಲ ಪ್ರೈವೇಟ್ ಲೋನ್‌ಗಿಂತ ಎಷ್ಟೋ ವಾಸಿ.

ಈಗ ಸಿಹಿ. ನಿಮ್ಮ ಎಂಪ್ಲಾಯರ್ ಟ್ಯೂಶನ್ ರೀಇಂಬರ್ಸ್‌ಮೆಂಟ್ ಕೊಡ್ತಾರಾ ಅಂತ ಎಚ್‌ಆರ್‌ನ ಬಾಯಿಬಿಟ್ಟು ಕೇಳಿ. ವರ್ಷಕ್ಕೆ 5,250 ಡಾಲರ್ ತನಕ ಅವರು ಕೊಟ್ರೆ ಅದಕ್ಕೆ ಟ್ಯಾಕ್ಸ್ ಇಲ್ಲ. ಕೌಂಟಿ ಕಾಲೇಜಲ್ಲಿ ಒಂದೊಂದೇ ಸಬ್ಜೆಕ್ಟ್ ತಗೊಂಡ್ರೆ ಪ್ರೀರೆಕ್ಸ್‌ನ ಬಹುಪಾಲು ಅದರಲ್ಲೇ ಮುಗಿಯುತ್ತೆ. ಸಹಿ ಹಾಕೋ ಮುಂಚೆ ಎಷ್ಟು ವರ್ಷ ಅಲ್ಲೇ ಇರ್ಬೇಕು, ಬಿಟ್ರೆ ಎಷ್ಟು ವಾಪಸ್ ಕಟ್ಬೇಕು ಅನ್ನೋದನ್ನ ಓದ್ಕೊಳಿ. ಆಮೇಲೆ ಆರ್‌ಎನ್ ಆದ್ಮೇಲೆ ನರ್ಸ್ ಕೋರ್ ಅಂತ ಫೆಡರಲ್ ಸ್ಕೀಮ್ ಇದೆ, ನರ್ಸ್‌ಗಳ ಕೊರತೆ ಇರೋ ಕಡೆ ಎರಡು ವರ್ಷ ಕೆಲಸ ಮಾಡಿದ್ರೆ ನರ್ಸಿಂಗ್ ಓದಿನ ಸಾಲದಲ್ಲಿ 60 ಪರ್ಸೆಂಟ್ ತೀರಿಸ್ತಾರೆ. ಅರ್ಜಿ ಹಾಕಿದವರಿಗೆಲ್ಲ ಸಿಗಲ್ಲ, ಅದನ್ನೇ ನಂಬ್ಕೊಂಡು ಸಾಲ ಮಾಡ್ಬೇಡಿ.

ಸಂಬಳದ್ದು ಸರ್ಕಾರದ ಅಂಕಿ ಇದೆ, ಮೇ 2024ರದ್ದು. ಎಲ್‌ಪಿಎನ್ ಮೀಡಿಯನ್ ವರ್ಷಕ್ಕೆ 62,340 ಡಾಲರ್, ಆರ್‌ಎನ್ 93,600. ಅಂದ್ರೆ 31 ಸಾವಿರದ ಮೇಲೆ ವ್ಯತ್ಯಾಸ. 46ಕ್ಕೆ ಮುಗಿಸಿದ್ರೂ ಇನ್ನೂ 18-20 ವರ್ಷ ದುಡಿಮೆ ಇರುತ್ತಲ್ಲ ಮೇಡಂ, ನೀವೇ ಗುಣಿಸಿ ನೋಡಿ.

ಕ್ಯಾಲಿ_ಎಲ್‌ವಿಎನ್:
ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮನ್ನ ಎಲ್‌ವಿಎನ್ ಅಂತಾರೆ, ಟೆಕ್ಸಾಸ್‌ನಲ್ಲೂ ಹಾಗೇ, ಕೆಲಸ ಎಲ್ಲಾ ಒಂದೇ. ನಮ್ಮ ಕಡೆಯವರು ಯಾರಾದ್ರೂ ಓದ್ತಿದ್ರೆ ಒಂದು ಎಚ್ಚರಿಕೆ. ಇಲ್ಲಿ 30 ಯೂನಿಟ್ ಆಪ್ಷನ್ ಅಂತ ಇದೆ, ಡಿಗ್ರಿ ಇಲ್ದೆ 30 ಯೂನಿಟ್ ಮುಗಿಸಿ ಆರ್‌ಎನ್ ಪರೀಕ್ಷೆಗೆ ಕೂರ್ಬಹುದು. ಬೇಗ ಮುಗಿಯುತ್ತೆ ಅಂತ ಆಸೆ ಆಗುತ್ತೆ. ಆದ್ರೆ ಡಿಗ್ರಿ ಇಲ್ದೇ ಇರೋದ್ರಿಂದ ಆ ಲೈಸೆನ್ಸ್‌ನ ಬೇರೆ ಸ್ಟೇಟ್‌ಗಳು ಒಪ್ಪದೇ ಇರ್ಬಹುದು, ಮುಂದೆ ಬಿಎಸ್‌ಎನ್ (ನರ್ಸಿಂಗ್ ಬ್ಯಾಚುಲರ್ ಡಿಗ್ರಿ) ಮಾಡಕ್ಕೂ ತೊಡಕು. ಗಂಡನ ಕೆಲಸ ಯಾವಾಗ ಯಾವ ಸ್ಟೇಟ್‌ಗೆ ಹೋಗುತ್ತೋ ಗೊತ್ತಿಲ್ಲದ ನಮ್ಮಂಥವರಿಗೆ ಅದು ಸರಿಹೋಗಲ್ಲ. ನಾನು ಎಡಿಎನ್ ಅನ್ನೋ ನರ್ಸಿಂಗ್ ಅಸೋಸಿಯೇಟ್ ಡಿಗ್ರಿಗೇ ಅರ್ಜಿ ಹಾಕಿದೀನಿ.

ರಾತ್ರಿಪಾಳಿ_ಅಮ್ಮ:
ಇಷ್ಟು ಜನ ಇಷ್ಟು ವಿವರವಾಗಿ ಬರೀತೀರ ಅನ್ಕೊಂಡಿರ್ಲಿಲ್ಲ. ಪೆಲ್ ಗ್ರಾಂಟ್ ವಿಷಯ ನಂಗೆ ಗೊತ್ತೇ ಇರ್ಲಿಲ್ಲ ಸರ್, ಒಳ್ಳೇದಾಯ್ತು ಹೇಳಿದ್ದು. ಇನ್ನೊಂದು ಕೇಳ್ತೀನಿ. ನನ್ನ ಜೊತೆ ಕೆಲಸ ಮಾಡೋರೊಬ್ರು ಒಂದು ಕಡೆ ಹೇಳಿದ್ರು, ಕ್ಲಾಸಿಗೆ ಹೋಗೋದೇ ಬೇಡ, ಕ್ಲಿನಿಕಲ್ಸ್ ಅಂದ್ರೆ ಪೇಶೆಂಟ್‌ಗಳ ಜೊತೆ ಮಾಡೋ ತರಬೇತಿ, ಅದೂ ಇಲ್ಲ, ನಿಮ್ಮ ಎಲ್‌ಪಿಎನ್ ಅನುಭವನೇ ಲೆಕ್ಕಕ್ಕೆ ತಗೋತಾರೆ, ಆರೇ ತಿಂಗಳಲ್ಲಿ ಆರ್‌ಎನ್ ಡಿಪ್ಲೊಮಾ, ಒಂದೇ ಸಲ ದುಡ್ಡು ಕಟ್ಟಿದ್ರೆ ಸಾಕು ಅಂತ. ಇಂಥದ್ದು ನಂಬಬಹುದಾ?

ಐಸಿಯು_ಅಣ್ಣ:
ಬೇಡ. ಅಕ್ಕ ಕೈ ಮುಗೀತೀನಿ, ಆ ಕಡೆ ತಿರುಗಿ ನೋಡ್ಬೇಡಿ. 2023ರ ಜನವರಿಲಿ ಆಪರೇಶನ್ ನೈಟಿಂಗೇಲ್ ಅಂತ ದೊಡ್ಡ ಸುದ್ದಿ ಆಯ್ತಲ್ಲ, ಫ್ಲೋರಿಡಾದ ಮೂರು ನರ್ಸಿಂಗ್ ಸ್ಕೂಲ್‌ಗಳಿಂದ 7,600ಕ್ಕೂ ಹೆಚ್ಚು ಖೋಟಾ ಡಿಪ್ಲೊಮಾ ಮತ್ತು ಟ್ರಾನ್ಸ್‌ಕ್ರಿಪ್ಟ್ ಮಾರಿದ್ರು ಅಂತ ಫೆಡರಲ್ ಕೇಸ್ ಆಯ್ತು. ಕೊಂಡವರಲ್ಲಿ ನಮ್ಮ ಥರಾನೇ ಎಲ್‌ಪಿಎನ್ ಆಗಿದ್ದವರೂ ಇದ್ರು. ಪರೀಕ್ಷೆ ಪಾಸಾಗಿ ಕೆಲಸಕ್ಕೆ ಸೇರಿದವರ ಲೈಸೆನ್ಸ್‌ನೂ ಸ್ಟೇಟ್ ಬೋರ್ಡ್‌ಗಳು ಹುಡುಕಿ ಹುಡುಕಿ ರದ್ದು ಮಾಡಿದ್ವು.

ನೋಡ್ಬೇಕಾದ್ದು ಎರಡೇ. ನಿಮ್ಮ ಸ್ಟೇಟ್‌ನ ಬೋರ್ಡ್ ಆಫ್ ನರ್ಸಿಂಗ್ ವೆಬ್‌ಸೈಟ್‌ನಲ್ಲಿ ಒಪ್ಪಿಗೆ ಪಡೆದ ಪ್ರೋಗ್ರಾಂಗಳ ಪಟ್ಟಿ ಇರುತ್ತೆ, ಅದರಲ್ಲಿ ಹೆಸರಿರ್ಬೇಕು. ಆಮೇಲೆ ಎಸೆನ್ ಅಥವಾ ಸಿಸಿಎನ್‌ಇ ಥರದ ಮಾನ್ಯತೆ ಕೊಡೋ ಸಂಸ್ಥೆಯ ಅಕ್ರೆಡಿಟೇಶನ್ ಇರ್ಬೇಕು, ಇಲ್ಲಾಂದ್ರೆ ಮುಂದೆ ಬಿಎಸ್‌ಎನ್‌ಗೆ ಹೋದಾಗ ಬಾಗಿಲು ಹಾಕ್ತಾರೆ. ಆನ್‌ಲೈನ್ ಅಂದಮಾತ್ರಕ್ಕೆ ಮೋಸ ಅಂತಲ್ಲ, ಥಿಯರಿ ಆನ್‌ಲೈನ್‌ನಲ್ಲಿ ಇರೋ ಒಳ್ಳೇ ಕಾಲೇಜುಗಳೂ ಇವೆ, ಆದ್ರೆ ಪೇಶೆಂಟ್ ಮುಂದೆ ನಿಲ್ಲಿಸದೆ ಆರ್‌ಎನ್ ಮಾಡ್ತೀವಿ ಅಂದ್ರೆ ಅದು ಓದು ಅಲ್ಲ.

ಧಾರವಾಡದ_ಸಿಸ್ಟರ್:
ಅಕ್ಕಾರ, ನಂದೂ ಕೇಳ್ರಿ. ಎಲ್ಲಾರೂ ಪಾಸಾದ ಕತಿ ಹೇಳ್ತಾರ, ನಾ ಫೇಲ್ ಆದದ್ದು ಹೇಳ್ತೀನಿ.

ಬ್ರಿಜ್‌ನಾಗ ಎರಡನೇ ಸೆಮಿಸ್ಟರ್, ಮೆಡ್ ಸರ್ಜ್, ಅಂದ್ರ ಮೆಡಿಕಲ್ ಸರ್ಜಿಕಲ್ ನರ್ಸಿಂಗ್. ನಮ್ಮ ಕಾಲೇಜ್‌ನಾಗ ಪಾಸಿಂಗ್ 77. ನಂದು 76.4 ಬಂತು. ರೌಂಡ್ ಮಾಡಂಗಿಲ್ಲ ಅಂದ್ರು. 0.6 ಸಲುವಾಗಿ ಒಂದು ವರ್ಷ ಹೋತ್ರಿ, ಯಾಕಂದ್ರ ಆ ಕೋರ್ಸ್ ವರ್ಷಕ್ಕ ಒಮ್ಮೆ ಅಷ್ಟ ಇರ್ತದ. ಅವತ್ತ ಪಾರ್ಕಿಂಗ್ ಲಾಟ್‌ನಾಗ ಕಾರಿನಾಗ ಕುಂತು ಅತ್ತೀನಿ, ಮನಿಗೆ ಹೋಗಿ ಹೆಂಗ ಮಾರಿ ತೋರಸ್ಲಿ ಅಂತ. ನಮ್ಮ ಮಗ ಆಗ ಏಳನೇತ್ತಾ ಇದ್ದ, ಅಂವಾ ಬಂದು ಕೇಳ್ದಾ, ಅಮ್ಮಾ ನೀ ರಿಪೀಟ್ ಮಾಡ್ತಿ ಅಂದ್ರ ನಿನಗ ಅದೇ ಪುಸ್ತಕ ಆಗ್ತದಲ್ಲಾ, ಹೊಸಾದು ತಗೊಳ್ಳೋದು ಬ್ಯಾಡಲ್ಲಾ ಅಂತ. ಅಷ್ಟ ಸಣ್ಣ ಹುಡುಗ ರೊಕ್ಕದ ಚಿಂತಿ ಮಾಡಾಕತ್ತಿದ್ದ. ಅದನ್ನ ಕೇಳಿ ಅಳೋದು ನಿಂತಬಿಡ್ತು.

ಯಾಕ್ ಫೇಲ್ ಆದೆ ಅಂದ್ರ, ಎಲ್ಲಾ ನಂಗ ಗೊತ್ತೈತಿ ಅನ್ಕೊಂಡಿದ್ದೆ. ಇನ್ಸುಲಿನ್ ಕೊಟ್ಟು ಕೊಟ್ಟು ಕೈ ಪಳಗಿತ್ತು, ಗಾಯಕ್ಕ ಡ್ರೆಸ್ಸಿಂಗ್ ಕಣ್ಣು ಮುಚ್ಚಿ ಮಾಡ್ತಿದ್ದೆ. ಪರೀಕ್ಷಾದಾಗ ಅದನ್ನ ಕೇಳೂದ ಇಲ್ರಿ. ಪೊಟ್ಯಾಸಿಯಂ 2.9 ಐತಿ, ಹೃದಯದ ಔಷಧ ಡಿಗಾಕ್ಸಿನ್ ತಗೊಳ್ಳಾಕತ್ತಾರ, ಈಗ ಏನ್ ಆಗಬಹುದು, ಮೊದಲ ಏನ್ ನೋಡ್ತಿ, ಯಾಕ? ಆ ಯಾಕ ಅನ್ನೂದು ನಂಗ ಬರ್ತಿರ್ಲಿಲ್ಲ. ಪೊಟ್ಯಾಸಿಯಂ ಇಳದ್ರ ಡಿಗಾಕ್ಸಿನ್ ವಿಷ ಆಗೂದು ಹೆಚ್ಚಾಗ್ತದ, ನಾಡಿ ಒಂದು ನಿಮಿಷ ಎದಿ ಮ್ಯಾಲೆ ಕೇಳ್ಬೇಕು, 60ಕ್ಕಿಂತ ಕಡಿಮಿ ಇದ್ರ ಕೊಡಬಾರ್ದು. ಕೊಡಬಾರ್ದು ಅನ್ನೂದು ಗೊತ್ತಿತ್ತು, ಹಿಂದಿನ ಕತಿ ಗೊತ್ತಿರ್ಲಿಲ್ಲ. ಎರಡನೇ ಸಲ 84 ಬಂತು. ಈಗ ಆರ್‌ಎನ್ ಆಗಿ ಮೂರ್ ವರ್ಷ.

ಕ್ಲಿನಿಕಲ್_ಟೀಚರಮ್ಮ:
ಧಾರವಾಡದ ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು. ನಾನು ಬ್ರಿಜ್ ವಿದ್ಯಾರ್ಥಿಗಳಿಗೆ ಪಾಠ ಮಾಡ್ತೀನಿ, ಅದಕ್ಕೆ ಮುಂಚೆ ನಾನೂ ಎಲ್‌ಪಿಎನ್. ಎಡವೋದು ಎಲ್ಲರೂ ಒಂದೇ ಕಡೆ.

ಒಂದು ಪ್ರಶ್ನೆ ಕೊಡ್ತೀನಿ. ಆಪರೇಶನ್ ಆಗಿ ಬಂದ ಪೇಶೆಂಟ್ ಇದ್ದಕ್ಕಿದ್ದಂಗೆ ಚಡಪಡಿಸ್ತಿದಾರೆ, ಹಾಸಿಗೇಲಿ ನಿಲ್ತಾ ಇಲ್ಲ. ಮೊದಲು ಏನ್ ಮಾಡ್ತೀರ? ನೋವಿನ ಔಷಧಿ ಕೊಡ್ತೀರಾ, ಆಕ್ಸಿಜನ್ ಸ್ಯಾಚುರೇಶನ್ ನೋಡ್ತೀರಾ, ಡಾಕ್ಟರಿಗೆ ಫೋನ್ ಮಾಡ್ತೀರಾ, ಇಲ್ಲಾ ಏಡ್‌ಗೆ ಜೊತೇಲಿ ಕೂರಕ್ಕೆ ಹೇಳ್ತೀರಾ? ವರ್ಷಾನುಗಟ್ಟಲೆ ಎಲ್‌ಪಿಎನ್ ಆಗಿದ್ದವರ ಕೈ ಫೋನ್ ಕಡೆ ಹೋಗುತ್ತೆ. ತಪ್ಪು ಅವರದ್ದಲ್ಲ, ಬದಲಾವಣೆ ಕಂಡ್ರೆ ಮೇಲಿನವರಿಗೆ ತಿಳಿಸು ಅಂತಾನೇ ನಮಗೆ ಕಲಿಸಿರೋದು. ಆರ್‌ಎನ್ ಪರೀಕ್ಷೇಲಿ ಆ ಮೇಲಿನವರು ನೀವೇ. ಚಡಪಡಿಕೆ ಮೆದುಳಿಗೆ ಆಕ್ಸಿಜನ್ ಕಡಿಮೆ ಆಗ್ತಿರೋದರ ಮೊದಲ ಗುರುತಾಗಿರ್ಬಹುದು, ಮೊದಲು ಸ್ಯಾಚುರೇಶನ್ ನೋಡ್ಬೇಕು. ಕೈಯಲ್ಲಿ ಒಂದು ನಂಬರ್ ಇಲ್ದೆ ಡಾಕ್ಟರಿಗೆ ಫೋನ್ ಮಾಡಿ ಏನಂತ ಹೇಳ್ತೀರ?

ರಾತ್ರಿಪಾಳಿ ಅವರೇ, ನೀವು ಬರೆದ ಅಜ್ಜಿ ವಿಷಯ ಎರಡು ಸಲ ಓದಿದೆ. ಉಸಿರು 26, ಬಿಪಿ ಮೇಲಿನ ನಂಬರ್ 98, ಜನರ ಗುರುತು ತಪ್ಪಿದ್ದು. ಕ್ಯೂಸೋಫಾ ಅಂತ ಒಂದು ಅಳತೆ ಇದೆ, ಸೋಂಕು ಇದ್ದವರಲ್ಲಿ ಪರಿಸ್ಥಿತಿ ಕೆಡ್ತಾ ಇದೆಯಾ ಅಂತ ಮಂಚದ ಪಕ್ಕದಲ್ಲೇ ನೋಡೋದು. ಅದರಲ್ಲಿರೋದು ಮೂರೇ. ಉಸಿರು 22 ಅಥವಾ ಹೆಚ್ಚು, ಸಿಸ್ಟಾಲಿಕ್ 100 ಅಥವಾ ಕಡಿಮೆ, ಪ್ರಜ್ಞೆಯಲ್ಲಿ ಬದಲಾವಣೆ. ಎರಡು ಇದ್ರೇನೇ ಗಂಭೀರ ಅಂತಾರೆ, ನೀವು ಕತ್ತಲಲ್ಲಿ ಒಬ್ರೇ ನಿಂತು ಮೂರೂ ಹಿಡಿದಿದೀರ. ಜ್ವರ ಇಲ್ಲ ಅಂತ ಸುಮ್ಮನಾಗ್ಲಿಲ್ಲ, ವಯಸ್ಸಾದವರಿಗೆ ಎಷ್ಟೋ ಸಲ ಜ್ವರ ಬರೋದೇ ಇಲ್ಲ. ಆರ್‌ಎನ್ ಸ್ಕೂಲ್‌ಗೆ ಬಂದ್ರೆ ನಿಮಗೆ ಗೊತ್ತಿರೋದಕ್ಕೆ ಹೆಸರು, ಕಾರಣ, ಅದರ ಮೇಲೆ ತೀರ್ಮಾನ ತಗೊಳ್ಳೋ ಅಧಿಕಾರ ಸಿಗುತ್ತೆ. ಬನ್ನಿ.

ಎನ್‌ಕ್ಲೆಕ್ಸ್, ಅಂದ್ರೆ ಲೈಸೆನ್ಸ್ ಪರೀಕ್ಷೆ, ಅದರ ಬಗ್ಗೆ ಈಗಲೇ ಹೆದರ್ಕೊಳ್ಳಬೇಡಿ. ನೀವು ಎಲ್‌ಪಿಎನ್‌ಗೆ ಬರೆದಾಗಿನ ರೂಪ ಈಗಿಲ್ಲ, 2023ರ ಏಪ್ರಿಲ್‌ನಿಂದ ಹೊಸ ಮಾದರಿ. ಕಡಿಮೆ ಅಂದ್ರೆ 85 ಪ್ರಶ್ನೆ, ಹೆಚ್ಚಂದ್ರೆ 150, ಐದು ಗಂಟೆ. ಮೂರು ಕೇಸ್ ಸ್ಟಡಿ ಬರುತ್ತೆ, ಒಂದೊಂದಕ್ಕೂ ಆರು ಪ್ರಶ್ನೆ, ಒಬ್ಬ ಪೇಶೆಂಟ್‌ನ ಚಾರ್ಟ್ ಕೊಟ್ಟು ಗಂಟೆಗಂಟೆಗೂ ಏನಾಗ್ತಿದೆ, ಏನ್ ಮಾಡ್ತೀರ ಅಂತ ಕೇಳ್ತಾರೆ. ಮಂಚದ ಪಕ್ಕ ನಿಂತು ಅಭ್ಯಾಸ ಇರೋರಿಗೆ ಇದು ಹಳೇದಕ್ಕಿಂತ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಹೊಸಬಳು_ಎಚ್4:
ನಾನು ಎಚ್4 ಡಿಪೆಂಡೆಂಟ್ ವೀಸಾದಲ್ಲಿದೀನಿ, ಊರಲ್ಲಿ ಜಿಎನ್‌ಎಂ ನರ್ಸಿಂಗ್ ಮಾಡಿ ಎರಡು ವರ್ಷ ಕೆಲಸ ಮಾಡಿದೀನಿ. ಇಲ್ಲಿ ಎಲ್‌ಪಿಎನ್ ಮಾಡಿ ಆಮೇಲೆ ಆರ್‌ಎನ್ ಮಾಡು ಅಂತ ಪರಿಚಯದವರು ಹೇಳ್ತಿದಾರೆ. ಸರಿನಾ?

ಕ್ಲಿನಿಕಲ್_ಟೀಚರಮ್ಮ:
ಇಲ್ಲಮ್ಮ, ಅವಸರ ಮಾಡ್ಬೇಡ. ಜಿಎನ್‌ಎಂ ಮೂರು ವರ್ಷದ ಕೋರ್ಸ್, ಅದರ ಮೇಲೆ ನೇರವಾಗಿ ಎನ್‌ಕ್ಲೆಕ್ಸ್ ಆರ್‌ಎನ್‌ಗೆ ಕೂರಕ್ಕೆ ಬಿಡೋ ಸ್ಟೇಟ್‌ಗಳಿವೆ. ಮೊದಲು ನಿನ್ನ ಸ್ಟೇಟ್ ಬೋರ್ಡ್ ಕೇಳೋ ಥರ ಕ್ರೆಡೆನ್ಶಿಯಲ್ ಇವಾಲ್ಯುಯೇಶನ್ ಮಾಡಿಸು, ಏನಾದ್ರೂ ವಿಷಯ ಕಡಿಮೆ ಬಿದ್ರೆ ಅಷ್ಟನ್ನ ಮಾತ್ರ ಇಲ್ಲಿ ಓದಿದ್ರಾಯ್ತು. ಕ್ಯಾಲಿಫೋರ್ನಿಯಾ ಮಾತ್ರ ಬಿಗಿ, ಥಿಯರಿ ಮತ್ತು ಕ್ಲಿನಿಕಲ್ಸ್ ಒಂದೇ ಅವಧಿಯಲ್ಲಿ ಆಗಿರ್ಬೇಕು ಅಂತ ಕೇಳ್ತಾರೆ. ಎಚ್4ನಲ್ಲಿ ಓದಬಹುದು, ಫೆಡರಲ್ ಸಹಾಯಧನ ಸಿಗಲ್ಲ, ಕೆಲಸಕ್ಕೆ ಇಎಡಿ ಅನ್ನೋ ಪರ್ಮಿಟ್ ಬೇಕು. ಇದಕ್ಕೆ ಬೇರೆ ಥ್ರೆಡ್ ಶುರು ಮಾಡು, ಅಲ್ಲಿ ಪೂರ್ತಿ ಬರೀತೀನಿ.

ಎಲ್‌ಪಿಎನ್_ಆಗೇ_ಇದೀನಿ:
ಒಂದು ಮಾತು ಬೇರೆ ಕಡೆಯಿಂದನೂ ಇರ್ಲಿ. ನಂಗೆ 55, 20 ವರ್ಷ ಆಯ್ತು, ಆರ್‌ಎನ್ ಮಾಡ್ಲಿಲ್ಲ. ಹೋಂ ಕೇರ್‌ನಲ್ಲಿ ಒಂದು ಮಗುನ ನೋಡ್ಕೋತೀನಿ, ಟ್ರೇಕಿಯಾಸ್ಟಮಿ (ಗಂಟಲಲ್ಲಿ ಉಸಿರಾಟದ ಕೊಳವೆ), ವೆಂಟಿಲೇಟರ್. ಅದು ಎರಡು ವರ್ಷ ಇದ್ದಾಗಿಂದ ಎಂಟು ವರ್ಷ ಆಗೋ ತನಕ ನಾನೇ. ಈ ಕೆಲಸ ಯಾವುದಕ್ಕೂ ಕಡಿಮೆ ಅಲ್ಲ. ಎಲ್‌ಪಿಎನ್ ಅಂದ್ರೆ ಅರ್ಧ ನರ್ಸ್ ಅನ್ನೋ ಥರ ಮಾತಾಡೋರನ್ನ ಕಂಡ್ರೆ ನಂಗೆ ನೋವಾಗುತ್ತೆ. ಯಾರೋ ಏನೋ ಅಂದ್ರು ಅಂತ ಓದಕ್ಕೆ ಹೋಗ್ಬೇಡಿ. ಆದ್ರೆ ರಾತ್ರಿಪಾಳಿ ತಂಗಿ, ನೀನು ಹೋಗ್ತಿರೋದು ಆ ಕಾರಣಕ್ಕಲ್ಲ ಅನ್ನೋದು ನಿನ್ನ ಮೊದಲ ಪೋಸ್ಟ್‌ನಲ್ಲೇ ಇದೆ. ನೀನು ಹೋಗು.

ಮಲ್ಲಿಗೆ_ಮೊಗ್ಗು:
ಅಮ್ಮಾ ನಿಮ್ಮ ಮಾತು ಓದಿ ಮನಸ್ಸು ಹಗುರ ಆಯ್ತು. ಮನೇಲಿ ಒಪ್ಸೋದು ಹೇಗೆ ಅಂತ ಯಾರೂ ಹೇಳ್ಲಿಲ್ಲ. ನಮ್ಮತ್ತೆ ಈ ವಯಸ್ಸಲ್ಲಿ ಪುಸ್ತಕ ಯಾಕೆ ಅಂತಾರೆ.

ಲೆಕ್ಕದ_ಮನೆ:
ಒಪ್ಸೋದು ಅಂತ ಹೊರಟ್ರೆ ಅದೇ ಒಂದು ವರ್ಷ ಆಗುತ್ತೆ ತಂಗಿ. ನಾವು ಕ್ಯಾಲೆಂಡರ್ ಮುಂದಿಟ್ಕೊಂಡು ಕೂತ್ವಿ. ಮಂಗಳವಾರ ಗುರುವಾರ ಸಂಜೆ ಕ್ಲಾಸ್, ಆ ಎರಡು ದಿನ ಅಡುಗೆ ನಾನು, ಮಕ್ಕಳ ಹೋಂವರ್ಕ್ ನಾನು. ಶನಿವಾರ ಬೆಳಗ್ಗೆ ನಾಲ್ಕು ಗಂಟೆ ಅವಳು ಲೈಬ್ರರೀಲಿ, ಫೋನ್ ಮಾಡೋ ಹಾಗಿಲ್ಲ. ಬರೆದು ಫ್ರಿಜ್ ಮೇಲೆ ಅಂಟಿಸಿದ್ವಿ. ಮೊದಲ ತಿಂಗಳು ಗೊಣಗಾಟ ಇತ್ತು. ಆಮೇಲೆ ಅಮ್ಮನೇ ಅವಳ ಡೋಸೇಜ್ ಲೆಕ್ಕಕ್ಕೆ ಟೈಮ್ ಹಿಡಿಯೋಕೆ ಶುರು ಮಾಡಿದ್ರು, 1000 ಎಂಎಲ್, 8 ಗಂಟೆ, ಒಂದು ಎಂಎಲ್‌ಗೆ 15 ಹನಿ, ನಿಮಿಷಕ್ಕೆ ಎಷ್ಟು ಹನಿ ಅಂತ ಕಾರ್ಡ್ ಎತ್ತಿ ಹಿಡಿಯೋರು. 31 ಅನ್ನೋದು ನಮ್ಮ ಮನೇಲಿ ಎಲ್ಲರಿಗೂ ಬಾಯಿಪಾಠ ಆಗಿತ್ತು. ಆ ಟೆಸ್ಟ್‌ನಲ್ಲಿ ಅವಳ ಕಾಲೇಜಲ್ಲಿ 90 ತೆಗೀದಿದ್ರೆ ಕ್ಲಿನಿಕಲ್ಸ್‌ಗೇ ಬಿಡ್ತಿರ್ಲಿಲ್ಲ.

ರಾತ್ರಿಪಾಳಿ_ಅಮ್ಮ:
ಐದು ತಿಂಗಳಾದ್ಮೇಲೆ ಬರೀತಿದೀನಿ, ಈ ಥ್ರೆಡ್ ಇನ್ನೂ ಯಾರಾದ್ರೂ ನೋಡ್ತಿದ್ರೆ.

ಐಸಿಯು ಅಣ್ಣ ಹೇಳ್ದಂಗೆ ಒಂದೇ ಸಬ್ಜೆಕ್ಟ್ ತಗೊಂಡೆ, ಅನಾಟಮಿ ಫಿಸಿಯಾಲಜಿ 1. ಎಚ್‌ಆರ್ ಹತ್ರ ಕೇಳ್ದೆ, ಫೀಸ್ ಕೊಡ್ತೀವಿ ಆದ್ರೆ ಬಿ ಗ್ರೇಡ್ ಬರ್ಬೇಕು ಅಂದ್ರು. 11 ವರ್ಷದಿಂದ ಆ ಸೌಲಭ್ಯ ಅಲ್ಲೇ ಇತ್ತು, ನಾನು ಕೇಳೇ ಇರ್ಲಿಲ್ಲ. ಮೊದಲನೇ ಪರೀಕ್ಷೇಲಿ 71 ಬಂತು, ಅವತ್ತು ಧಾರವಾಡದ ಸಿಸ್ಟರ್ ಬರೆದಿದ್ದನ್ನ ತೆಗೆದು ಮತ್ತೆ ಓದಿದೆ. ಮೂಳೆಗಳ ಹೆಸರು ಬಾಯಿಪಾಠ ಮಾಡೋದು ಬಿಟ್ಟು ಒಂದೊಂದು ಮೂಳೆನೂ ನಮ್ಮ ಒಬ್ಬೊಬ್ಬ ಪೇಶೆಂಟ್ ಜೊತೆ ಕೂಡಿಸ್ಕೊಂಡೆ, ಸೊಂಟ ಮುರ್ಕೊಂಡ ತಾತ ಅಂದ್ರೆ ಫೀಮರ್‌ನ ಕುತ್ತಿಗೆ, ಹೀಗೆ. ಮೊನ್ನೆ ಫೈನಲ್ ಮುಗೀತು, ಒಟ್ಟು 88, ಬಿ ಪ್ಲಸ್.

ಲ್ಯಾಬ್‌ನಲ್ಲಿ ಟೀಚರ್ ಒಂದು ದಿನ ಮುಂದಿನ ಸೆಮಿಸ್ಟರ್‌ದು ನೋಡ್ಬಿಡಿ ಅಂತ ಕುರಿ ಹೃದಯ ಕೊಟ್ರು. ಸೀಳಿ ನೋಡ್ದಾಗ ಒಳಗೆ ಕವಾಟ ಹಿಡ್ಕೊಂಡಿರೋ ಬಿಳೀ ದಾರ ಥರದ ಎಳೆಗಳು, ಬೆರಳಲ್ಲಿ ಮೀಟಿದ್ರೆ ವೀಣೆ ತಂತಿ ಹಾಗೆ ಗಟ್ಟಿ. ಎಷ್ಟು ವರ್ಷದಿಂದ ಸ್ಟೆತ್ ಇಟ್ಟು ಕೇಳ್ತಿದ್ದ ಶಬ್ದ ಬರೋದು ಇಲ್ಲಿಂದ ಅಂತ ಕೈಲಿ ಹಿಡ್ಕೊಂಡು ಸುಮಾರು ಹೊತ್ತು ನಿಂತಿದ್ದೆ. ಪಕ್ಕದಲ್ಲಿದ್ದ 19 ವರ್ಷದ ಹುಡುಗಿ ಆರ್ ಯು ಓಕೆ ಅಂತ ಕೇಳಿದ್ಲು.

ಅಜ್ಜಿ ಚೆನ್ನಾಗಿದಾರೆ. ಓದ್ತಿದೀನಿ ಅಂತ ಅವರಿಗೆ ಹೇಳಿದೀನಿ, ಊಟ ಆಯ್ತಾ ಅಂತ ಕೇಳಿದ್ಮೇಲೆ ಈಗ ಪರೀಕ್ಷೆ ಯಾವಾಗ ಅಂತಾನೂ ಕೇಳ್ತಾರೆ.

ಸೋಮವಾರ ಮುಂದಿನ ಸೆಮಿಸ್ಟರ್‌ಗೆ ರಿಜಿಸ್ಟ್ರೇಶನ್. ಅನಾಟಮಿ 2 ಜೊತೆಗೆ ಮೈಕ್ರೋಬಯಾಲಜಿನೂ ತಗೊಂಡ್ಬಿಟ್ರೆ ಒಂದು ಸೆಮಿಸ್ಟರ್ ಉಳಿಯುತ್ತೆ, ಮಾಡಬಹುದಾ?

ಐಸಿಯು_ಅಣ್ಣ:
88! ಅಕ್ಕ, ತುಂಬಾ ಖುಷಿ ಆಯ್ತು. ಎರಡೂ ಒಟ್ಟಿಗೆ ಬೇಡ. ಎರಡಕ್ಕೂ ಲ್ಯಾಬ್ ಇದೆ, ನಿಮಗೆ ನೈಟ್ ಶಿಫ್ಟ್ ಬೇರೆ. ಅನಾಟಮಿ 2 ಜೊತೆ ಸೈಕಾಲಜಿ ತಗೊಳಿ, ಮೈಕ್ರೋ ಬೇಸಿಗೆಗೆ ಒಂದೇ ಇಟ್ಕೊಳಿ. ಸೋಮವಾರ ಬೆಳಗ್ಗೆನೇ ಮಾಡ್ಬಿಡಿ, ಸಂಜೆ ಲ್ಯಾಬ್ ಸೀಟ್ ಬೇಗ ತುಂಬುತ್ತೆ.